ಇಆರ್‌ಪಿನೆಕ್ಸ್ಟ್ ಸೇಲ್ಸ್ ಆರ್ಡರಿನಲ್ಲಿ ದರವನ್ನು ಕೈಯಾರೆ ತಿದ್ದುವುದು ಹೇಗೆ

ಪಟ್ಟಿಯಲ್ಲಿ 1,150 ರೂಪಾಯಿ ಇರುವ ಬಾಲ್ ವಾಲ್ವನ್ನು ಗಿರಾಕಿ ಚೌಕಾಸಿ ಮಾಡಿ ಸಾವಿರಕ್ಕೆ ಇಳಿಸಿದ್ದಾರೆ, ಮಾಲೀಕರೂ ಒಪ್ಪಿದ್ದಾರೆ ಎನ್ನಿ. ಈಗ ಆ ಸಾವಿರವನ್ನು ಆರ್ಡರಿಗೆ ಇಳಿಸಬೇಕು. ವ್ಯಾಪಾರದ ಲೆಕ್ಕ ಇಡುವ ಇಆರ್‌ಪಿನೆಕ್ಸ್ಟ್ ತಂತ್ರಾಂಶದಲ್ಲಿ ಇದಕ್ಕೆ ಐದು ಜಾಗಗಳಿವೆ: ಸಾಲಿನ ರೇಟ್, ಸಾಲಿನ ಡಿಸ್ಕೌಂಟ್, ಇಡೀ ಆರ್ಡರಿನ ಅಡಿಷನಲ್ ಡಿಸ್ಕೌಂಟ್, ಐಟಮ್ ಪ್ರೈಸ್ (ಪಟ್ಟಿ ದರದ ದಾಖಲೆ) ಮತ್ತು ಪ್ರೈಸಿಂಗ್ ರೂಲ್ (ದರವನ್ನು ತಾನಾಗಿ ಬದಲಿಸುವ ನಿಯಮ). ಯಾವುದರಲ್ಲಿ ಬರೆದರೂ ಇವತ್ತಿನ ಆರ್ಡರಿನ ಮೊತ್ತ ಬಹುಪಾಲು ಸರಿಯಾಗಿಯೇ ಬರುತ್ತದೆ. ವ್ಯತ್ಯಾಸ ಕಾಣುವುದು ಆಮೇಲೆ. ಮುಂದಿನ ಗಿರಾಕಿಗೂ ಅದೇ ದರ ಹೋಗಿಬಿಡಬಹುದು, ರಿಯಾಯಿತಿಯ ಮಿತಿ ಮೀರಿದ್ದು ಯಾರ ಕಣ್ಣಿಗೂ ಬೀಳದೆ ಹೋಗಬಹುದು, ಡೆಲಿವರಿ ನೋಟ್ (ಸರಕು ಕಳಿಸಿದ ದಾಖಲೆ) ಮಾಡಿದ ಮೇಲೆ ಬಿಲ್ ಏಳದೆ ಕೂರಬಹುದು. ಹಾಗಾಗಿ ಅಂಕಿ ಒತ್ತುವ ಮೊದಲು ಅದು ಯಾವ ಜಾಗಕ್ಕೆ ಸೇರಿದ್ದು ಎಂದು ತೀರ್ಮಾನಿಸಬೇಕು.

ಇಲ್ಲಿನ ವಿವರಗಳು 14 ಮತ್ತು 15ನೇ ಆವೃತ್ತಿಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಬಟನ್ನುಗಳ ಜಾಗ ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಸರಿದಿರಬಹುದು, ಒಳಗಿನ ಲೆಕ್ಕ ಮಾತ್ರ ಇದೇ.

ಒಂದು ಸಲದ ದರವೋ, ಕಾಯಂ ದರವೋ

ಇದೇ ಗಿರಾಕಿಗೆ ಇನ್ನು ಮುಂದೆ ಯಾವಾಗಲೂ ಸಾವಿರವೇ ಎಂದಾದರೆ ಆರ್ಡರಿನಲ್ಲಿ ಕೈ ಹಾಕಬೇಡಿ. ಐಟಮ್ ಪ್ರೈಸ್‌ನಲ್ಲಿ ಹೊಸ ದಾಖಲೆ ತೆರೆದು, ಐಟಮ್, ಪ್ರೈಸ್ ಲಿಸ್ಟ್, ಯುಓಎಂ (ಅಳತೆಯ ಘಟಕ) ತುಂಬಿ, ಕಸ್ಟಮರ್ ಜಾಗದಲ್ಲಿ ಆ ಗಿರಾಕಿಯ ಹೆಸರು ಹಾಕಿ, ವ್ಯಾಲಿಡ್ ಫ್ರಂ ಮತ್ತು ವ್ಯಾಲಿಡ್ ಅಪ್‌ಟು ದಿನಾಂಕ ಕೊಟ್ಟು ಸೇವ್ ಮಾಡಿ. ಅವರ ಹೆಸರಿನ ಆರ್ಡರಿಗೆ ಮಾತ್ರ ಆ ದರ ತಾನಾಗಿ ಬರುತ್ತದೆ, ಉಳಿದವರಿಗೆ ಪಟ್ಟಿಯ ದರ. ಐವತ್ತಕ್ಕಿಂತ ಹೆಚ್ಚು ಕೊಂಡವರಿಗೆ ಶೇ. 5 ಬಿಡುವ ರೂಢಿ ಇದ್ದರೆ ಅದು ಪ್ರೈಸಿಂಗ್ ರೂಲ್‌ನ ಕೆಲಸ. ಇದೊಂದು ಆರ್ಡರಿಗೆ, ಇದೊಂದು ಮಾತುಕತೆಗೆ ಮಾತ್ರ ಸೀಮಿತವಾದ ದರವನ್ನಷ್ಟೇ ಕೈಯಾರೆ ಹಾಕಬೇಕು. ಒಂದೇ ಗಿರಾಕಿಗೆ ಒಂದೇ ತಿದ್ದುಪಡಿಯನ್ನು ಮೂರನೆಯ ಸಲ ಮಾಡುತ್ತಿದ್ದರೆ ಅದು ಪಟ್ಟಿಗೆ ಹೋಗಬೇಕಾದ ದರ ಎಂದೇ ಅರ್ಥ.

ತಿದ್ದುವ ಮೊದಲು ನೋಡಲೇಬೇಕಾದ ಒಂದು ಟಿಕ್

ಸ್ಟಾಕ್ ಸೆಟ್ಟಿಂಗ್ಸ್‌ನಲ್ಲಿ ‘ಆಟೋ ಇನ್ಸರ್ಟ್ ಐಟಮ್ ಪ್ರೈಸ್ ಇಫ್ ಮಿಸ್ಸಿಂಗ್’ ಎಂಬ ಆಯ್ಕೆ ಇದೆ. ಇದಕ್ಕೆ ಟಿಕ್ ಇದ್ದು, ಆ ಐಟಮ್ಮಿಗೆ ಪಟ್ಟಿಯಲ್ಲಿ ದರವೇ ಇಲ್ಲದಿದ್ದರೆ, ನೀವು ಆರ್ಡರಿನಲ್ಲಿ ಟೈಪ್ ಮಾಡಿದ ದರ ಸದ್ದಿಲ್ಲದೆ ಪ್ರೈಸ್ ಲಿಸ್ಟಿಗೆ ಸೇರುತ್ತದೆ. ಪರಿಚಯದವರಿಗೆಂದು ಇಳಿಸಿ ಹಾಕಿದ ದರವೇ ನಾಳೆಯಿಂದ ಎಲ್ಲರಿಗೂ ಅನ್ವಯವಾಗುವ ಪಟ್ಟಿ ದರ! ಅದರ ಜೊತೆಗಿರುವ ‘ಅಪ್‌ಡೇಟ್ ಎಕ್ಸಿಸ್ಟಿಂಗ್ ಪ್ರೈಸ್ ಲಿಸ್ಟ್ ರೇಟ್’ಗೂ ಟಿಕ್ ಇದ್ದರೆ ಇನ್ನೂ ಅಪಾಯ, ಏಕೆಂದರೆ ಈಗಾಗಲೇ ಇರುವ ಪಟ್ಟಿ ದರವನ್ನೂ ಅದು ಬದಲಿಸಬಲ್ಲದು. ಹೊಸದಾಗಿ ವ್ಯವಸ್ಥೆ ಕಟ್ಟುವಾಗ, ಹಳೆಯ ದರಗಳನ್ನು ಬೇಗ ತುಂಬಿಕೊಳ್ಳಲೆಂದು ಇವನ್ನು ಚಾಲೂ ಮಾಡುತ್ತಾರೆ, ಆಮೇಲೆ ತೆಗೆಯಲು ಮರೆಯುತ್ತಾರೆ. ಕೈಯಾರೆ ದರ ತಿದ್ದುವ ಕಚೇರಿಯಲ್ಲಿ ಎರಡಕ್ಕೂ ಟಿಕ್ ಇರಕೂಡದು.

ಒಂದು ಸಾಲಿನಲ್ಲಿ ಅಂಕಿಗಳು ಹರಿಯುವ ಬಗೆ

ಗಿರಾಕಿಯ ಹೆಸರು ಹಾಕಿ ಐಟಮ್ ಆರಿಸಿದೊಡನೆ ಐಟಮ್ ಪ್ರೈಸ್‌ನಿಂದ ‘ಪ್ರೈಸ್ ಲಿಸ್ಟ್ ರೇಟ್’ ಬರುತ್ತದೆ. ಅದಕ್ಕೆ ಮಾರ್ಜಿನ್ ಇದ್ದರೆ ಕೂಡಿ, ಡಿಸ್ಕೌಂಟ್ ಇದ್ದರೆ ಕಳೆದು ‘ರೇಟ್’ ಸಿಗುತ್ತದೆ. ರೇಟನ್ನು ಪ್ರಮಾಣದಿಂದ ಗುಣಿಸಿದ್ದು ‘ಅಮೌಂಟ್’. ಇಡೀ ಆರ್ಡರಿಗೆ ಅಡಿಷನಲ್ ಡಿಸ್ಕೌಂಟ್ ಕೊಟ್ಟಿದ್ದರೆ ಅದು ಎಲ್ಲ ಸಾಲುಗಳಿಗೂ ಹಂಚಿಕೆಯಾಗಿ ‘ನೆಟ್ ರೇಟ್’, ‘ನೆಟ್ ಅಮೌಂಟ್’ ಆಗುತ್ತದೆ. ಜಿಎಸ್‌ಟಿ ಲೆಕ್ಕ ಹಾಕುವುದು ಈ ನೆಟ್ ಅಮೌಂಟಿನ ಮೇಲೆ.

ಇದರಲ್ಲಿ ಪ್ರೈಸ್ ಲಿಸ್ಟ್ ರೇಟ್ ಸಾಮಾನ್ಯವಾಗಿ ಬೀಗ ಹಾಕಿದ ಕಲಂ, ಓದಬಹುದು, ತಿದ್ದಲಾಗದು. ಸೆಲ್ಲಿಂಗ್ ಸೆಟ್ಟಿಂಗ್ಸ್‌ನ ‘ಅಲೋ ಯೂಸರ್ ಟು ಎಡಿಟ್ ಪ್ರೈಸ್ ಲಿಸ್ಟ್ ರೇಟ್ ಇನ್ ಟ್ರಾನ್ಸಾಕ್ಷನ್ಸ್’ ಟಿಕ್ ಮಾಡಿದರೆ ಆ ಬೀಗ ತೆಗೆಯುತ್ತದೆ. ತೆಗೆಯದಿರುವುದೇ ಒಳ್ಳೆಯದು. 1,150 ಇದ್ದ ಜಾಗದಲ್ಲೇ 1,000 ಬರೆದುಬಿಟ್ಟರೆ ರಿಯಾಯಿತಿ ಸೊನ್ನೆ ಎಂದು ಕಾಣುತ್ತದೆ, ಎಷ್ಟು ಬಿಟ್ಟೆವೆಂಬ ಗುರುತೇ ಆರ್ಡರಿನಲ್ಲಿ ಉಳಿಯುವುದಿಲ್ಲ, ರಿಯಾಯಿತಿಯ ಮಿತಿಯನ್ನು ಕಾಯುವ ತಪಾಸಣೆಗೂ ಹಿಡಿಯಲು ಏನೂ ಸಿಗುವುದಿಲ್ಲ.

ಸಾಲಿನ ದರ ತಿದ್ದುವ ಕ್ರಮ

1. ಕಸ್ಟಮರ್, ದಿನಾಂಕ, ಕರೆನ್ಸಿ, ಪ್ರೈಸ್ ಲಿಸ್ಟ್ ಇವನ್ನೆಲ್ಲ ಮೊದಲೇ ಖಚಿತಪಡಿಸಿಕೊಳ್ಳಿ. ಆಮೇಲೆ ಕಸ್ಟಮರನ್ನೋ ಪ್ರೈಸ್ ಲಿಸ್ಟನ್ನೋ ಬದಲಿಸಿದರೆ ಎಲ್ಲ ಸಾಲುಗಳ ದರವೂ ಪಟ್ಟಿಯಿಂದ ಮತ್ತೆ ಬಂದು ಕೂರುತ್ತದೆ.

2. ಐಟಮ್, ಯುಓಎಂ, ಪ್ರಮಾಣ ತುಂಬಿ. ಯುಓಎಂ ವಿಷಯದಲ್ಲಿ ಎಚ್ಚರ ಬೇಕು. ನೀವು ಬರೆಯುವ ರೇಟ್ ಆ ಸಾಲಿನ ಯುಓಎಂಗೆ ಸೇರಿದ್ದು. ಸಾಲು ಬಾಕ್ಸ್‌ನಲ್ಲಿದ್ದು, ಬಾಕ್ಸಿಗೆ 10 ವಾಲ್ವ್ ಇದ್ದು, ನೀವು 1,000 ಎಂದು ಹೊಡೆದರೆ ವಾಲ್ವಿಗೆ 100 ರೂಪಾಯಿಯಂತೆ ಮಾರಿದ ಹಾಗೆ. ಸಾಲನ್ನು ಬಿಡಿಸಿ ನೋಡಿದರೆ ‘ರೇಟ್ ಆಫ್ ಸ್ಟಾಕ್ ಯುಓಎಂ’ ಎಂಬ ಜಾಗದಲ್ಲಿ ಒಂದು ವಾಲ್ವಿನ ದರ ಕಾಣುತ್ತದೆ.

3. ಪಟ್ಟಿ ದರದಲ್ಲೇ ಒಮ್ಮೆ ಸೇವ್ ಮಾಡಿ. ಮೊದಲ ಸೇವ್ ಆದ ಮೇಲಿನ ಬದಲಾವಣೆಗಳನ್ನಷ್ಟೇ ದಾಖಲೆಯ ಕೆಳಗಿನ ಟೈಮ್‌ಲೈನ್ ಹಿಡಿದಿಡುತ್ತದೆ. ಯಾರು, ಯಾವಾಗ, ಎಷ್ಟರಿಂದ ಎಷ್ಟಕ್ಕೆ ಇಳಿಸಿದರು ಎಂಬುದು ಅಲ್ಲಿ ಬರಬೇಕೆಂದರೆ ಈ ಒಂದು ಸೇವ್ ಬೇಕೇ ಬೇಕು.

4. ಆ ಐಟಮ್ಮಿಗೆ ಪ್ರೈಸಿಂಗ್ ರೂಲ್ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ‘ಕರೆನ್ಸಿ ಅಂಡ್ ಪ್ರೈಸ್ ಲಿಸ್ಟ್’ ಭಾಗದಲ್ಲಿ ‘ಇಗ್ನೋರ್ ಪ್ರೈಸಿಂಗ್ ರೂಲ್’ಗೆ ಟಿಕ್ ಹಾಕಿ. ಈ ಟಿಕ್ ಇಡೀ ಆರ್ಡರಿಗೆ ಅನ್ವಯ. ಉಳಿದ ಸಾಲುಗಳಲ್ಲಿ ರೂಲ್‌ನಿಂದ ಬಂದಿದ್ದ ರಿಯಾಯಿತಿಯೂ ಹೋಗುತ್ತದೆ. ಅವನ್ನು ಮೊದಲೇ ಗುರುತು ಹಾಕಿಕೊಂಡು ಮತ್ತೆ ಕೈಯಾರೆ ತುಂಬಬೇಕು.

5. ಕೊನೆಗೆ ರೇಟ್ ಕಲಂನಲ್ಲಿ 1,000 ಬರೆದು ಟ್ಯಾಬ್ ಒತ್ತಿ, ಸೇವ್ ಮಾಡಿ. ಸೇವ್ ಆದ ಮೇಲೂ 1,000 ಹಾಗೇ ಇದೆಯೇ ಎಂದು ಕಣ್ಣಾರೆ ನೋಡಿ.

6. ಕೆಳಗಿನ ಕಾಮೆಂಟ್ ಜಾಗದಲ್ಲಿ ಕಾರಣವನ್ನು ಒಂದು ಸಾಲು ಬರೆಯಿರಿ: ಯಾರು ಒಪ್ಪಿದರು, ಯಾವ ಮಾತಿನ ಮೇಲೆ, ಎಷ್ಟು ಪ್ರಮಾಣಕ್ಕೆ.

ಸಾಲನ್ನು ಬಿಡಿಸಿ ‘ಡಿಸ್ಕೌಂಟ್ ಅಂಡ್ ಮಾರ್ಜಿನ್’ ಭಾಗ ನೋಡಿದರೆ ತಂತ್ರಾಂಶ ತಾನೇ ಮಾಡಿಕೊಂಡ ಲೆಕ್ಕ ಕಾಣುತ್ತದೆ. ಪಟ್ಟಿಗಿಂತ ಕಡಿಮೆ ರೇಟ್ ಬರೆದರೆ ವ್ಯತ್ಯಾಸ ರಿಯಾಯಿತಿಯಾಗಿ ದಾಖಲಾಗುತ್ತದೆ, ಇಲ್ಲಿ 150 ರೂಪಾಯಿ, ಅಂದರೆ ಶೇ. 13.043. ಪಟ್ಟಿಗಿಂತ ಹೆಚ್ಚು, 1,200 ಎಂದು ಬರೆದರೆ 50 ರೂಪಾಯಿ ಮಾರ್ಜಿನ್ ಎಂದು ದಾಖಲಾಗುತ್ತದೆ, ರಿಯಾಯಿತಿ ಸೊನ್ನೆಯಾಗುತ್ತದೆ.

ಶೇಕಡಾವಾರು ಬರೆಯುವುದೋ, ರೇಟ್ ಬರೆಯುವುದೋ? ಮಾತು ಯಾವ ಭಾಷೆಯಲ್ಲಿ ಆಗಿದೆಯೋ ಅದನ್ನೇ ಬರೆಯಿರಿ. ಸಾವಿರಕ್ಕೆ ಒಪ್ಪಿದ್ದರೆ ರೇಟಿನಲ್ಲಿ ಸಾವಿರ. ಅದನ್ನು ಶೇ. 13.04 ಎಂದು ಪರಿವರ್ತಿಸಿ ಹಾಕಿದರೆ ದರ 1,000.04 ಆಗುತ್ತದೆ, 500 ವಾಲ್ವಿಗೆ 20 ರೂಪಾಯಿ ಹೆಚ್ಚು. ದುಡ್ಡು ದೊಡ್ಡದಲ್ಲ, ಆದರೆ ಗಿರಾಕಿಯ ಪರ್ಚೇಸ್ ಆರ್ಡರಿಗೂ ನಿಮ್ಮ ಬಿಲ್ಲಿಗೂ ತಾಳೆಯಾಗದೆ ಅವರ ಅಕೌಂಟ್ಸ್ ವಿಭಾಗ ಬಿಲ್ಲನ್ನು ವಾಪಸ್ ಕಳಿಸಲು ಅಷ್ಟು ಸಾಕು. ಶೇ. 12 ಬಿಡುತ್ತೇವೆ ಎಂದು ಮಾತಾಗಿದ್ದರೆ ಮಾತ್ರ ಡಿಸ್ಕೌಂಟ್ ಜಾಗದಲ್ಲಿ 12 ಬರೆಯಿರಿ. ಪುಕ್ಕಟೆ ಕೊಡುವ ಸಾಲಿಗೆ ಶೇ. 100 ರಿಯಾಯಿತಿ ಹಾಕುವುದು ಸ್ಪಷ್ಟ ದಾರಿ.

ಬರೆದ ದರ ಹಿಂದಕ್ಕೆ ಹೋದಾಗ

ಅತಿ ಹೆಚ್ಚು ಕೇಳಿಬರುವ ದೂರು ಇದು: ಸಾವಿರ ಬರೆದು ಸೇವ್ ಮಾಡಿದೆ, ಮತ್ತೆ 1,150 ಅಥವಾ ಇನ್ನಾವುದೋ ಅಂಕಿ ಬಂದಿದೆ. ಕಾರಣ ಬಹುಪಾಲು ಪ್ರೈಸಿಂಗ್ ರೂಲ್. ಸಾಲಿಗೆ ರೂಲ್ ಅಂಟಿಕೊಂಡಿರುವವರೆಗೆ ರೇಟ್ ಅದರ ಲೆಕ್ಕದಂತೆಯೇ ಮತ್ತೆ ಹುಟ್ಟುತ್ತದೆ. ಪ್ರಮಾಣವನ್ನು 100ರಿಂದ 120ಕ್ಕೆ ಬದಲಿಸಿದಾಗಲೂ ರೂಲ್ ಮತ್ತೆ ಓಡುತ್ತದೆ. ಆದ್ದರಿಂದಲೇ ಮೇಲಿನ ಕ್ರಮದಲ್ಲಿ ಇಗ್ನೋರ್ ಟಿಕ್ ಮೊದಲು, ರೇಟ್ ಆಮೇಲೆ. ತಿರುಗಾಮುರುಗಾ ಮಾಡಿದರೆ ಟಿಕ್ ಹಾಕಿದೊಡನೆ ಸಾಲು ಪಟ್ಟಿ ದರಕ್ಕೆ ಮರಳಿ, ಬರೆದದ್ದು ವ್ಯರ್ಥವಾಗುತ್ತದೆ.

ಯುಓಎಂ ಬದಲಿಸಿದಾಗಲೂ ದರ ಪಟ್ಟಿಯಿಂದ ಮತ್ತೆ ಬರುತ್ತದೆ. ಇನ್ನೊಂದು ಸಂದರ್ಭ ಕಿಟ್‌ಗಳದ್ದು. ಪಂಪು, ಪೈಪು, ವಾಲ್ವು ಸೇರಿಸಿ ಪ್ರಾಡಕ್ಟ್ ಬಂಡಲ್ ಮಾಡಿದ್ದು, ಸೆಲ್ಲಿಂಗ್ ಸೆಟ್ಟಿಂಗ್ಸ್‌ನಲ್ಲಿ ಬಂಡಲಿನ ದರವನ್ನು ಒಳಗಿನ ಐಟಮ್ಮುಗಳ ದರದಿಂದ ಲೆಕ್ಕ ಹಾಕುವ ಆಯ್ಕೆ ಚಾಲೂ ಇದ್ದರೆ, ಬಂಡಲಿನ ಸಾಲಿನಲ್ಲಿ ಬರೆದ ರೇಟ್ ಉಳಿಯುವುದಿಲ್ಲ. ಕೆಳಗಿನ ಪ್ಯಾಕ್ಡ್ ಐಟಮ್ಸ್ ಪಟ್ಟಿಯಲ್ಲಿ ಒಳಗಿನ ದರಗಳನ್ನೇ ತಿದ್ದಬೇಕು.

ಇಡೀ ಆರ್ಡರಿಗೆ ಒಂದೇ ರಿಯಾಯಿತಿ

‘ಒಟ್ಟು ರೌಂಡ್ ಮಾಡಿ ಎರಡೂವರೆ ಲಕ್ಷಕ್ಕೆ ಮುಗಿಸಿ’ ಎಂಬ ಮಾತಿಗೆ ಅಡಿಷನಲ್ ಡಿಸ್ಕೌಂಟ್ ಸರಿಯಾದ ಜಾಗ. ಇಲ್ಲಿ ‘ಅಪ್ಲೈ ಅಡಿಷನಲ್ ಡಿಸ್ಕೌಂಟ್ ಆನ್’ ಎಂಬುದಕ್ಕೆ ಎರಡು ಉತ್ತರಗಳಿವೆ, ಗ್ರ್ಯಾಂಡ್ ಟೋಟಲ್ ಮತ್ತು ನೆಟ್ ಟೋಟಲ್. ಇವೆರಡರ ನಡುವಿನ ಅಂತರವನ್ನು ಒಂದು ಉದಾಹರಣೆಯಲ್ಲಿ ನೋಡಿ. ತೆರಿಗೆಗೆ ಮುಂಚೆ 10,000, ಶೇ. 18 ಜಿಎಸ್‌ಟಿ 1,800, ಒಟ್ಟು 11,800. ರಿಯಾಯಿತಿ 1,180 ರೂಪಾಯಿ.

ಗ್ರ್ಯಾಂಡ್ ಟೋಟಲ್ ಮೇಲೆ ಎಂದರೆ ಗಿರಾಕಿ ಕೊಡುವ ಅಂತಿಮ ಮೊತ್ತದಲ್ಲಿ 1,180 ಇಳಿಯಬೇಕು ಎಂದು ಅರ್ಥ. ತಂತ್ರಾಂಶ ಹಿಂದಕ್ಕೆ ಲೆಕ್ಕ ಹಾಕಿ ನೆಟ್ ಮೊತ್ತವನ್ನು 9,000 ಮಾಡುತ್ತದೆ, ತೆರಿಗೆ 1,620, ಒಟ್ಟು 10,620. ನೆಟ್ ಟೋಟಲ್ ಮೇಲೆ ಎಂದರೆ ತೆರಿಗೆಗೆ ಮುಂಚಿನ ಮೊತ್ತದಿಂದಲೇ 1,180 ಹೋಗಿ 8,820 ಆಗುತ್ತದೆ, ತೆರಿಗೆ 1,587.60, ಒಟ್ಟು 10,407.60. ಒಂದೇ ಅಂಕಿ ಬರೆದರೂ ಎರಡರ ನಡುವೆ 212.40 ರೂಪಾಯಿ ಅಂತರ.

ಎರಡೂವರೆ ಲಕ್ಷದ ಮಾತಿಗೆ ಬರೋಣ. ನೆಟ್ 2,16,500, ತೆರಿಗೆ 38,970, ಒಟ್ಟು 2,55,470. ಗ್ರ್ಯಾಂಡ್ ಟೋಟಲ್ ಆರಿಸಿ, ಮೊತ್ತದ ಜಾಗದಲ್ಲಿ 5,470 ಬರೆದರೆ ಮುಗಿಯಿತು. ನೆಟ್ 2,11,864.41, ತೆರಿಗೆ 38,135.59, ಕೂಡಿದರೆ ಸರಿಯಾಗಿ 2,50,000. ಸಾಗಣೆಯನ್ನು ತೆರಿಗೆ ಪಟ್ಟಿಯಲ್ಲಿ ಆಕ್ಚುಯಲ್ (ನಿಗದಿತ ಮೊತ್ತ) ಎಂದು ಸೇರಿಸಿದ್ದರೆ ರಿಯಾಯಿತಿ ಅದರ ಮೇಲೆ ಹಂಚಿಕೆಯಾಗುವುದಿಲ್ಲ, ಅದು ಹಾಗೇ ಉಳಿಯುತ್ತದೆ.

ಶೇಕಡಾವಾರು ಬರೆದಿದ್ದರೆ ಸಾಲುಗಳು ಬದಲಾದಂತೆ ಮೊತ್ತವೂ ಬದಲಾಗುತ್ತದೆ. ಬರೀ ಮೊತ್ತ ಬರೆದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಗಿರಾಕಿ ಆರ್ಡರನ್ನು ಅರ್ಧಕ್ಕೆ ಇಳಿಸಿ, ನೀವು ಪ್ರಮಾಣವನ್ನಷ್ಟೇ ತಿದ್ದಿದರೆ ಅರ್ಧ ಸರಕಿಗೆ ಪೂರಾ ರಿಯಾಯಿತಿ ಹೋಗುತ್ತದೆ. ಪ್ರಮಾಣ ತಿದ್ದಿದಾಗಲೆಲ್ಲ ಕೆಳಗಿಳಿದು ಈ ಜಾಗವನ್ನೊಮ್ಮೆ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಒಂದೇ ಐಟಮ್ಮಿನ ದರ ಇಳಿಸಲು ಈ ಜಾಗವನ್ನು ಬಳಸುವುದು ತಪ್ಪು. ರಿಯಾಯಿತಿ ಎಲ್ಲ ಸಾಲುಗಳಿಗೂ ಅವುಗಳ ಮೊತ್ತಕ್ಕೆ ತಕ್ಕಂತೆ ಹಂಚಿಕೆಯಾಗುವುದರಿಂದ ತೆರಿಗೆಯೂ ಬದಲಾಗುತ್ತದೆ. ಶೇ. 18ರ ಸರಕು 50,000ಕ್ಕೆ, ಶೇ. 5ರ ಸರಕು 50,000ಕ್ಕೆ ಇವೆ ಎನ್ನಿ. ಮೊದಲನೆಯದರ ಮೇಲೆ 5,000 ಬಿಡಬೇಕಿತ್ತು. ಅದರ ಸಾಲಿನಲ್ಲೇ ಬಿಟ್ಟಿದ್ದರೆ ತೆರಿಗೆ 8,100 ಮತ್ತು 2,500, ಸೇರಿ 10,600. ನೆಟ್ ಟೋಟಲ್ ಮೇಲಿನ ಅಡಿಷನಲ್ ಡಿಸ್ಕೌಂಟ್ ಆಗಿ ಹಾಕಿದರೆ ಎರಡೂ 47,500ಕ್ಕೆ ಇಳಿದು ತೆರಿಗೆ 8,550 ಮತ್ತು 2,375, ಸೇರಿ 10,925. ಗಿರಾಕಿಯ ಮೇಲೆ 325 ರೂಪಾಯಿ ಹೆಚ್ಚಿನ ತೆರಿಗೆ, ಐಟಮ್‌ವಾರು ಲಾಭದ ವರದಿಯೂ ತಪ್ಪು.

ತೆರಿಗೆ ಒಳಗೊಂಡ ದರವಿದ್ದರೆ

ತೆರಿಗೆಯ ಸಾಲಿನಲ್ಲಿ ‘ಈಸ್ ದಿಸ್ ಟ್ಯಾಕ್ಸ್ ಇನ್‌ಕ್ಲೂಡೆಡ್ ಇನ್ ಬೇಸಿಕ್ ರೇಟ್’ಗೆ ಟಿಕ್ ಇದ್ದರೆ ನೀವು ಬರೆಯುವ ರೇಟಿನೊಳಗೇ ಜಿಎಸ್‌ಟಿ ಇದೆ. 1,180 ಬರೆದರೆ ಶೇ. 18ರಲ್ಲಿ ನೆಟ್ ರೇಟ್ 1,000. ರಾಜ್ಯದೊಳಗಿನ ಮಾರಾಟಕ್ಕೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡು ಸಾಲುಗಳಿರುತ್ತವೆ, ಟಿಕ್ ಎರಡಕ್ಕೂ ಬೇಕು. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ ಮೊತ್ತ ಎಲ್ಲಿಂದಲೂ ತಾಳೆಯಾಗದು.

ತೆರಿಗೆಯ ದರವೇ ಬದಲಾದಾಗ ಇಂಥ ಆರ್ಡರುಗಳು ಹೆಚ್ಚು ಕಾಡುತ್ತವೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ಮುಂಚೆ ಚೀಲಕ್ಕೆ ತೆರಿಗೆ ಸೇರಿ 350ರಂತೆ ಆರ್ಡರ್ ತೆಗೆದುಕೊಂಡು, ಆ ದಿನ ಕಳೆದ ಮೇಲೆ ಸರಕು ಕಳಿಸಿ ಬಿಲ್ ಮಾಡುವವರ ಲೆಕ್ಕ ನೋಡಿ. ಹಳೆಯ ನೆಟ್ ರೇಟ್ 273.44. ತೆರಿಗೆಯನ್ನು ಮಾತ್ರ ಶೇ. 18ಕ್ಕೆ ತಿದ್ದಿ ರೇಟನ್ನು 350ರಲ್ಲೇ ಬಿಟ್ಟರೆ ನೆಟ್ ರೇಟ್ 296.61 ಆಗುತ್ತದೆ, ಅಂದರೆ ತೆರಿಗೆ ಇಳಿದದ್ದರಲ್ಲಿ ಚೀಲಕ್ಕೆ 23.17 ರೂಪಾಯಿ ಮಾರುವವರ ಕೈಯಲ್ಲೇ ಉಳಿಯುತ್ತದೆ. ಗಿರಾಕಿಗೆ ಪೂರ್ತಿ ಮುಟ್ಟಿಸಬೇಕಾದರೆ ರೇಟ್ 322.66 ಆಗಬೇಕು. ತೆರಿಗೆ ಹೊರಗಿಟ್ಟು ದರ ಬರೆದ ಆರ್ಡರುಗಳಲ್ಲಿ ರೇಟನ್ನು ಮುಟ್ಟುವ ಅಗತ್ಯವಿಲ್ಲ. ಎರಡೂ ಬಗೆಯಲ್ಲಿ ಹಳೆಯ ತೆರಿಗೆ ಆರ್ಡರಿನೊಳಗೇ ಬರೆದಿಟ್ಟಿರುತ್ತದೆ, ಬಿಲ್ ಮಾಡುವಾಗ ಅದೇ ನಕಲಾಗಿ ಬರುತ್ತದೆ. ಹಾಗಾಗಿ ತೆರಿಗೆ ಪಟ್ಟಿಯನ್ನೂ ಸಾಲಿನ ಐಟಮ್ ಟ್ಯಾಕ್ಸ್ ಟೆಂಪ್ಲೇಟನ್ನೂ ಬಿಲ್ಲಿನಲ್ಲಿ ನೋಡಿಯೇ ಸಬ್ಮಿಟ್ ಮಾಡಬೇಕು (ದಾಖಲೆಯನ್ನು ಅಂತಿಮಗೊಳಿಸಬೇಕು).

ಮಿತಿ ಕಾಯುವ ತಪಾಸಣೆಗಳು, ಅವುಗಳ ಕಿಂಡಿಗಳು

ಐಟಮ್ ಮಾಸ್ಟರಿನಲ್ಲಿ ‘ಮ್ಯಾಕ್ಸ್ ಡಿಸ್ಕೌಂಟ್’ ಶೇ. 10 ಎಂದು ಬರೆದಿದ್ದರೆ 1,150ರ ವಾಲ್ವನ್ನು 1,035ಕ್ಕಿಂತ ಕೆಳಗೆ ಹಾಕಿ ಸೇವ್ ಮಾಡಲಾಗದು. ಒಳ್ಳೆಯ ಕಾವಲು, ಆದರೆ ಮೂರು ಕಡೆ ಕಿಂಡಿ ಇದೆ. ಆ ಜಾಗ ಖಾಲಿಯಿದ್ದರೆ ಮಿತಿಯೇ ಇಲ್ಲ ಎಂದು ಅರ್ಥ. ಪಟ್ಟಿಯಲ್ಲಿ ದರವಿಲ್ಲದ ಐಟಮ್ಮಿಗೆ ರಿಯಾಯಿತಿಯ ಶೇಕಡಾವಾರು ಹುಟ್ಟುವುದೇ ಇಲ್ಲ, ಹಾಗಾಗಿ ಎಷ್ಟಕ್ಕೆ ಬೇಕಾದರೂ ಮಾರಬಹುದು. ಇನ್ನು ಈ ತಪಾಸಣೆ ನೋಡುವುದು ಸಾಲಿನ ರಿಯಾಯಿತಿಯನ್ನು ಮಾತ್ರ, ಅಡಿಷನಲ್ ಡಿಸ್ಕೌಂಟ್ ಅದರ ಕಣ್ಣಿಗೆ ಬೀಳುವುದಿಲ್ಲ. ಸಾಲಿನಲ್ಲಿ ಶೇ. 10, ಕೆಳಗೆ ಇನ್ನೊಂದು ಶೇ. 15 ಎಂದು ಹಾಕಿದರೂ ಅದು ಸುಮ್ಮನಿರುತ್ತದೆ.

ಈ ಕೊನೆಯ ಕಿಂಡಿಗೆ ತಕ್ಕ ಬಾಗಿಲು ಸೆಲ್ಲಿಂಗ್ ಸೆಟ್ಟಿಂಗ್ಸ್‌ನಲ್ಲಿದೆ. ‘ವ್ಯಾಲಿಡೇಟ್ ಸೆಲ್ಲಿಂಗ್ ಪ್ರೈಸ್ ಫಾರ್ ಐಟಮ್ ಅಗೇನ್ಸ್ಟ್ ಪರ್ಚೇಸ್ ರೇಟ್ ಆರ್ ವ್ಯಾಲ್ಯುಯೇಷನ್ ರೇಟ್’ ಎಂಬುದು ನೆಟ್ ರೇಟನ್ನು ಕೊನೆಯ ಖರೀದಿ ದರದೊಂದಿಗೂ ದಾಸ್ತಾನಿನ ಮೌಲ್ಯದೊಂದಿಗೂ ಹೋಲಿಸಿ, ಕಡಿಮೆಯಾದರೆ ತಡೆಯುತ್ತದೆ. ನೆಟ್ ರೇಟ್ ಆದ್ದರಿಂದ ಅಡಿಷನಲ್ ಡಿಸ್ಕೌಂಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಧೂಳು ಹಿಡಿದ ಹಳೆಯ ಸರಕನ್ನು ನಷ್ಟಕ್ಕೆ ತೆಗೆಯಬೇಕಾದಾಗ ಇದೇ ಅಡ್ಡ ಬರುತ್ತದೆ ಎಂಬುದೂ ನೆನಪಿರಲಿ.

ಪೂರ್ತಿ ತಡೆಯುವ ಬದಲು ಮೇಲಿನವರ ಒಪ್ಪಿಗೆ ಸಾಕು ಎಂದಾದರೆ ‘ಆಥರೈಸೇಷನ್ ರೂಲ್’ ಮಾಡಿ. ಟ್ರಾನ್ಸಾಕ್ಷನ್ ಸೇಲ್ಸ್ ಆರ್ಡರ್, ಬೇಸ್ಡ್ ಆನ್ ಎಂಬಲ್ಲಿ ಆವರೇಜ್ ಡಿಸ್ಕೌಂಟ್, ಮಿತಿ 10, ಒಪ್ಪಿಗೆ ಕೊಡುವ ರೋಲ್ ಸೇಲ್ಸ್ ಮ್ಯಾನೇಜರ್. ಮಿತಿ ಮೀರಿದ ಆರ್ಡರನ್ನು ಸಾಮಾನ್ಯ ಬಳಕೆದಾರರು ಡ್ರಾಫ್ಟ್ ಆಗಿ ಸೇವ್ ಮಾಡಬಹುದು, ಸಬ್ಮಿಟ್ ಮಾಡುವುದು ಮ್ಯಾನೇಜರೇ.

ಸಬ್ಮಿಟ್ ಆದ ಮೇಲೆ

ಸಬ್ಮಿಟ್ ಆದ ಆರ್ಡರಿನಲ್ಲಿ ರೇಟ್ ಕಲಂ ತೆರೆಯುವುದಿಲ್ಲ. ಮೇಲ್ಗಡೆ ‘ಅಪ್‌ಡೇಟ್ ಐಟಮ್ಸ್’ ಬಟನ್ ಇದೆ. ಒತ್ತಿದರೆ ಪ್ರಮಾಣ, ರೇಟ್, ಡೆಲಿವರಿ ದಿನಾಂಕಗಳ ಪಟ್ಟಿ ತೆರೆಯುತ್ತದೆ, ತಿದ್ದಿ ಅಪ್‌ಡೇಟ್ ಒತ್ತಬಹುದು, ಹೊಸ ಸಾಲನ್ನೂ ಸೇರಿಸಬಹುದು. ಸರಕು ಪೂರ್ತಿ ಹೋಗಿದ್ದರೆ, ಪೂರ್ತಿ ಬಿಲ್ ಆಗಿದ್ದರೆ ಅಥವಾ ಆರ್ಡರ್ ಕ್ಲೋಸ್ ಆಗಿದ್ದರೆ ಬಟನ್ ಕಾಣುವುದಿಲ್ಲ. ಸರಕು, ಬಿಲ್ ಎರಡೂ ಇನ್ನೂ ಶುರುವಾಗದ ಆರ್ಡರಿಗೆ ಇದು ಸಲೀಸಾದ ದಾರಿ. ಕ್ಯಾನ್ಸಲ್ ಮಾಡಿ ಅಮೆಂಡ್ ಮಾಡಿದರೆ (ತಿದ್ದಲು ಹೊಸ ಪ್ರತಿ ತೆಗೆದರೆ) ಆರ್ಡರ್ ಸಂಖ್ಯೆಯ ಕೊನೆಗೆ 1 ಸೇರಿ ಹೊಸ ದಾಖಲೆಯಾಗುತ್ತದೆ, ಗಿರಾಕಿಗೆ ಕಳಿಸಿದ ಪ್ರತಿಯಲ್ಲಿರುವ ಸಂಖ್ಯೆಗೂ ಇದಕ್ಕೂ ಹೊಂದುವುದಿಲ್ಲ.

ಅರ್ಧ ಬಿಲ್ ಆಗಿರುವ ಆರ್ಡರಿನಲ್ಲಿ ಮಾತ್ರ ಯೋಚಿಸಿ ಕೈ ಹಾಕಬೇಕು. 100 ವಾಲ್ವ್, ದರ 1,000. 60 ಕಳಿಸಿ 60,000ಕ್ಕೆ ಬಿಲ್ ಆಗಿದೆ. ಉಳಿದ 40ಕ್ಕೆ 900 ಎಂದು ಹೊಸ ಮಾತು. ಅದೇ ಸಾಲಿನಲ್ಲಿ ರೇಟನ್ನು 900 ಮಾಡಿದರೆ ಸಾಲಿನ ಮೊತ್ತ 90,000 ಆಗುತ್ತದೆ. ತಂತ್ರಾಂಶ ಒಪ್ಪುತ್ತದೆ. ಆದರೆ 40ಕ್ಕೆ 36,000 ಬಿಲ್ ಮಾಡಲು ಹೋದಾಗ ಒಟ್ಟು ಬಿಲ್ 96,000, ಆರ್ಡರ್ 90,000, ಹೆಚ್ಚು ಬಿಲ್ ಎಂದು ತಡೆ ಬೀಳುತ್ತದೆ. ದರ ಏರಿಸಿ 1,100 ಮಾಡಿದರೆ ಇನ್ನೊಂದು ತರದ ತೊಂದರೆ. ಆರ್ಡರ್ 1,10,000, ಬಿಲ್ ಆಗುವುದು 60,000 ಮತ್ತು 44,000, ಒಟ್ಟು 1,04,000. ಬಿಲ್ ಆದ ಪಾಲು ಶೇ. 94.5ರಲ್ಲೇ ನಿಂತು, ಮುಗಿದ ಆರ್ಡರ್ ಎಂದೆಂದಿಗೂ ‘ಟು ಬಿಲ್’ ಪಟ್ಟಿಯಲ್ಲಿ ಉಳಿಯುತ್ತದೆ. ದರವನ್ನು 550ಕ್ಕೆ ಇಳಿಸಲು ಹೋದರೆ ಸಾಲಿನ ಮೊತ್ತ 55,000, ಈಗಾಗಲೇ ಬಿಲ್ ಆದದ್ದಕ್ಕಿಂತ ಕಡಿಮೆ, ಹಾಗಾಗಿ ಅಲ್ಲೇ ನಿರಾಕರಣೆ.

ಸರಿಯಾದ ದಾರಿ ಸುಲಭವಿದೆ. ಅಪ್‌ಡೇಟ್ ಐಟಮ್ಸ್‌ನಲ್ಲಿ ಹಳೆಯ ಸಾಲಿನ ರೇಟ್ ಮುಟ್ಟದೆ ಪ್ರಮಾಣವನ್ನು 60ಕ್ಕೆ ಇಳಿಸಿ, ಅದೇ ಐಟಮ್ಮಿನ ಹೊಸ ಸಾಲಿನಲ್ಲಿ 40 ಹಾಕಿ ರೇಟ್ 900 ಕೊಡಿ. ಹಳೆಯದು ಹಳೆಯ ದರಕ್ಕೆ ಮುಗಿಯುತ್ತದೆ, ಹೊಸದು ಹೊಸ ದರಕ್ಕೆ. ಸರಕು ಹೋದದ್ದಕ್ಕಿಂತ ಕೆಳಗೆ ಪ್ರಮಾಣ ಇಳಿಸಲು ಬಿಡುವುದಿಲ್ಲ, 60 ಹೋಗಿದ್ದರೆ 60ರವರೆಗೆ ತೊಂದರೆಯಿಲ್ಲ. ತಡೆ ಬಿತ್ತೆಂದು ಅಕೌಂಟ್ಸ್ ಸೆಟ್ಟಿಂಗ್ಸ್‌ನ ‘ಓವರ್ ಬಿಲ್ಲಿಂಗ್ ಅಲೊವೆನ್ಸ್’ ಏರಿಸುವುದು ಎಲ್ಲ ಗಿರಾಕಿಗಳಿಗೂ ಬಾಗಿಲು ತೆರೆದಂತೆ, ಆ ದಾರಿ ಬೇಡ.

ಡೆಲಿವರಿ ನೋಟ್ ಆಗಿ ಬಿಲ್ ಆಗದಿದ್ದಾಗ

ಸೆಲ್ಲಿಂಗ್ ಸೆಟ್ಟಿಂಗ್ಸ್‌ನ ‘ಮೇಂಟೇನ್ ಸೇಮ್ ರೇಟ್ ಥ್ರೂಔಟ್ ಸೇಲ್ಸ್ ಸೈಕಲ್’ ಚಾಲೂ ಇದ್ದರೆ ಕೊಟೇಷನ್ನಿನಿಂದ ಬಿಲ್ಲಿನವರೆಗೆ ರೇಟ್ ಒಂದೇ ಇರಬೇಕು, ಒಂದು ಪೈಸೆ ಆಚೀಚೆಯಾದರೂ ಹಿಡಿಯುತ್ತದೆ. ಈಗ ಈ ಸನ್ನಿವೇಶ ನೋಡಿ. ಸರಕಿನ ಒಂದು ಭಾಗದ ಡೆಲಿವರಿ ನೋಟ್ 1,000ದಲ್ಲಿ ಸಬ್ಮಿಟ್ ಆಗಿದೆ, ಆಮೇಲೆ ಆರ್ಡರಿನಲ್ಲಿ ರೇಟ್ 950 ಆಯಿತು. ಬಿಲ್ಲಿನಲ್ಲಿ 1,000 ಬಿಟ್ಟರೆ ಆರ್ಡರಿಗೆ ಹೊಂದುವುದಿಲ್ಲ, 950 ಮಾಡಿದರೆ ಡೆಲಿವರಿ ನೋಟಿಗೆ ಹೊಂದುವುದಿಲ್ಲ. ಎರಡೂ ಕಡೆ ತಡೆ. ಆರ್ಡರಿನ ತಿದ್ದುಪಡಿ ಈಗಾಗಲೇ ಸಬ್ಮಿಟ್ ಆದ ಡೆಲಿವರಿ ನೋಟನ್ನು ಮುಟ್ಟುವುದಿಲ್ಲ ಎಂಬುದೇ ಇದರ ಮೂಲ. ಡ್ರಾಫ್ಟ್ ಆಗಿ ಬಿದ್ದಿರುವ ನೋಟುಗಳಲ್ಲೂ ಹಳೆಯ ದರವೇ ಇರುತ್ತದೆ, ಅವನ್ನು ಅಳಿಸಿ ಆರ್ಡರಿನಿಂದ ಹೊಸದಾಗಿ ಮಾಡಿ.

ಸರಕು ಹೊರಟು ದಾಖಲೆ ಗಿರಾಕಿಯ ಕೈ ಸೇರಿಲ್ಲವೆಂದರೆ ಡೆಲಿವರಿ ನೋಟ್ ಕ್ಯಾನ್ಸಲ್ ಮಾಡಿ, ಅಮೆಂಡ್ ಮಾಡಿ 950 ಹಾಕುವುದು ಚೊಕ್ಕಟ. ಅದಾಗದಿದ್ದರೆ ಇದೇ ಸೆಟ್ಟಿಂಗ್ಸ್‌ನಲ್ಲಿ ಸ್ಟಾಪ್ (ತಡೆಯುವ ಆಯ್ಕೆ) ಹಾಗೇ ಇಟ್ಟು, ತಡೆ ಮೀರಲು ಅನುಮತಿಯಿರುವ ರೋಲ್ ಒಂದನ್ನು ಗೊತ್ತುಮಾಡಿ, ಆ ಅಧಿಕಾರ ಇರುವವರ ಕೈಯಲ್ಲೇ ಬಿಲ್ ಮಾಡಿಸಿ. ಎಲ್ಲರಿಗೂ ಸ್ಟಾಪ್ ತೆಗೆದು ವಾರ್ನ್ (ಬರೀ ಎಚ್ಚರಿಸುವ ಆಯ್ಕೆ) ಮಾಡಿದರೆ ಹಳದಿ ಸೂಚನೆಯನ್ನು ಓದದೆ ಮುಚ್ಚುವ ಅಭ್ಯಾಸ ಒಂದೇ ವಾರದಲ್ಲಿ ಬೆಳೆಯುತ್ತದೆ.

ಬಿಲ್ ಆದ ಮೇಲೆ

ಇಲ್ಲಿಂದಾಚೆ ಆರ್ಡರ್ ತಿದ್ದಿ ಪ್ರಯೋಜನವಿಲ್ಲ. ಪೂರೈಕೆಗೆ ಮುಂಚೆ ಅಥವಾ ಪೂರೈಕೆಯ ಹೊತ್ತಿಗೆ ಕೊಟ್ಟು ಬಿಲ್ಲಿನಲ್ಲಿ ಕಾಣಿಸಿದ ರಿಯಾಯಿತಿಯನ್ನು ತೆರಿಗೆಯ ಮೌಲ್ಯದಿಂದ ಕಳೆಯಲು ಸಿಜಿಎಸ್‌ಟಿ ಕಾಯ್ದೆಯ 15(3)ನೇ ಕಲಮು ಒಪ್ಪುತ್ತದೆ. ಮಾತಾದ ದರ ಬಿಲ್ಲಿಗೆ ಮುಂಚೆಯೇ ಆರ್ಡರಿಗೆ ಇಳಿಯಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಇ-ಇನ್‌ವಾಯ್ಸ್ ಮಾಡುವವರಾದರೆ ಐಆರ್‌ಎನ್ (ಪೋರ್ಟಲ್ ಕೊಡುವ ಬಿಲ್ಲಿನ ನೋಂದಣಿ ಸಂಖ್ಯೆ) ಪಡೆದ 24 ಗಂಟೆಯೊಳಗೆ ಅದನ್ನು ಪೋರ್ಟಲಿನಲ್ಲಿ ರದ್ದು ಮಾಡಬಹುದು, ಸರಿಪಡಿಸಿದ ಬಿಲ್ಲನ್ನು ಹೊಸ ಸಂಖ್ಯೆಯಲ್ಲಿ ಮಾಡಬೇಕು.

ಆ ಅವಧಿಯೂ ದಾಟಿದ್ದರೆ ದರ ಇಳಿಕೆಗೆ ಕ್ರೆಡಿಟ್ ನೋಟ್. ಬಿಲ್ಲಿನಿಂದಲೇ ರಿಟರ್ನ್ ಮಾಡಿ, ‘ಅಪ್‌ಡೇಟ್ ಸ್ಟಾಕ್’ ಟಿಕ್ ಇದ್ದರೆ ತೆಗೆಯಿರಿ. ಸರಕು ವಾಪಸ್ ಬಂದಿಲ್ಲ, ದರ ಮಾತ್ರ ಇಳಿದಿದೆ. ಪ್ರಮಾಣವನ್ನು ಮೈನಸ್‌ನಲ್ಲಿ ಹಾಗೇ ಬಿಟ್ಟು ರೇಟಿನ ಜಾಗದಲ್ಲಿ ವ್ಯತ್ಯಾಸವನ್ನು, ಅಂದರೆ 1,000ದಿಂದ 950ಕ್ಕೆ ಇಳಿದಿದ್ದರೆ 50 ಎಂದು ಬರೆಯಿರಿ. ಟಿಕ್ ತೆಗೆಯದೆ ಸಬ್ಮಿಟ್ ಮಾಡಿದರೆ ಇಲ್ಲದ ವಾಲ್ವುಗಳು ಗೋದಾಮಿನ ಲೆಕ್ಕಕ್ಕೆ ಸೇರುತ್ತವೆ. ಇಂಥ ಕ್ರೆಡಿಟ್ ನೋಟನ್ನು ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದರೊಳಗೆ ಜಿಎಸ್‌ಟಿಯಲ್ಲಿ ತೋರಿಸಬೇಕು. ದರ ಏರಿದ್ದರೆ ಹೊಸ ಸೇಲ್ಸ್ ಇನ್‌ವಾಯ್ಸ್ ತೆರೆದು ‘ಈಸ್ ರೇಟ್ ಅಡ್ಜಸ್ಟ್‌ಮೆಂಟ್ ಎಂಟ್ರಿ’ಗೆ ಟಿಕ್ ಹಾಕಿ, ಮೂಲ ಬಿಲ್ಲಿನ ಸಂಖ್ಯೆ ಕೊಟ್ಟು, ಏರಿದ ಮೊತ್ತಕ್ಕೆ ಡೆಬಿಟ್ ನೋಟ್ ಮಾಡಿ.